ಮೋನಿಯ ಮುಡಿ

ಬೀರೇಶನ ಬಜ್ಜಿ ಗಾಡಿ ಉರುಳಿಸಿದ್ದು ನಾನೇ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಪೊಲೀಸಿನವರ ಮುಂದೆಯೂ ಹೇಳಿದ್ದೇನೆ. ಕುದಿಯುವ ಎಣ್ಣೆಯ ಬಾಣಲೆ ಅವನ ಕಾಲ ಮೇಲೆ ಬಿತ್ತು, ಅವನು ಕಿರುಚಿಕೊಂಡ, ನಾನು ತಿರುಗಿ ನೋಡಲಿಲ್ಲ. ಅದೇ ಹೊತ್ತಿಗೆ ನನ್ನ ಮಗಳು ರಸ್ತೆ ಬದಿ ನಿಂತ ಓಮ್ನಿಯಲ್ಲಿ ತಾಯಿಯ ತೊಡೆಯ ಮೇಲೆ ಉಸಿರಿಗಾಗಿ ಒದ್ದಾಡುತ್ತಿದ್ದಳು. ಗಾಡಿ ಉರುಳಿಸಲು ನಾನು ಕಳೆದ ಆ ನಾಲ್ಕು ನಿಮಿಷ ಇದೆಯಲ್ಲ, ಅದನ್ನು ಇವತ್ತಿಗೂ ಎಣಿಸುತ್ತಲೇ ಇದ್ದೇನೆ.

ನಾನು ಕುಮಾರೇಶ್. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ನನ್ನ ಮೆಷಿನ್ ಹೇಗಿದೆಯೆಂದರೆ, ಎರಡು ಕೈಯಲ್ಲೂ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯುತ್ತದೆ. ಒಂದು ಕೈ ಬಟನ್ ಬಿಟ್ಟಿತೋ, ನಿಂತುಬಿಡುತ್ತದೆ. ಮನುಷ್ಯನ ಕೈ ಎಲ್ಲಿರುತ್ತದೆ ಎಂದು ಆ ಕಬ್ಬಿಣಕ್ಕೆ ಗೊತ್ತಿರಬೇಕಂತೆ. ಮನೆಯಲ್ಲಿ ಅಂಥ ಬಟನ್ ಇರಲಿಲ್ಲ. ನನಗೆ ಕೋಪ ಜಾಸ್ತಿ. ಊರೆಲ್ಲ ಹಾಗೆ ಹೇಳುತ್ತಿತ್ತು, ನಾನೂ ಹೇಳಿಕೊಳ್ಳುತ್ತಿದ್ದೆ, ಒಂಥರಾ ಹೆಮ್ಮೆಯಿಂದ. 'ನನ್ ಕೋಪ ಎಲ್ಲಾ ಎರಡು ನಿಮಿಷ ಕಣ್ರೀ, ಮನಸ್ನಲ್ಲಿ ಏನೂ ಇಟ್ಕಳಲ್ಲ' ಅಂತ. ಎರಡು ನಿಮಿಷದಲ್ಲಿ ಏನೇನು ಮುರಿಯುತ್ತದೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ.

ನಮ್ಮ ಮನೆ ಆಲಸನತ್ತಂನಲ್ಲಿ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಸುತ್ತ ಈಗ ಮೂರಂತಸ್ತಿನ ಮನೆಗಳು ಎದ್ದಿವೆ, ನಡುವೆ ನಮ್ಮದೊಂದು ಶೀಟ್ ಮನೆ. ಅಪ್ಪ ಹೋಗಿ ಏಳು ವರ್ಷವಾಯಿತು. ಅಮ್ಮ ಗೋವಿಂದಮ್ಮ ಗುಲಾಬಿ ತೋಟಕ್ಕೆ ಹೋಗುತ್ತಾಳೆ, ಆ ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಮನೆಗಳಿಗೆ. ಬೆಳಿಗ್ಗೆ ಆರಕ್ಕೆ ವ್ಯಾನ್ ಬಂದು ಹೆಂಗಸರನ್ನೆಲ್ಲ ತುಂಬಿಕೊಂಡು ಹೋಗುತ್ತದೆ, ಸಂಜೆ ತಂದು ಇಳಿಸುತ್ತದೆ. ಇಳಿದಾಗ ಅಮ್ಮನ ಸೀರೆಯಲ್ಲಿ ಗುಲಾಬಿ ವಾಸನೆ ಇರುವುದಿಲ್ಲ, ಗಿಡಕ್ಕೆ ಹೊಡೆಯುವ ಮದ್ದಿನ ವಾಸನೆ ಇರುತ್ತದೆ. ವರ್ಷಗಟ್ಟಲೆ ಮೂಗಿಗೆ ಬಡಿದು ಬಡಿದು ನಮ್ಮ ಮನೆಗೆ ಅದು ವಾಸನೆಯೇ ಅಲ್ಲ. ಅದು ಅಮ್ಮ, ಅಷ್ಟೆ.

ಹೆಂಡತಿ ಚಂದ್ರಲೇಖಾ, ಜವಳಗಿರಿ ಕಡೆಯವಳು. ಎರಡು ಸಲ ಬಸಿರು ಇಳಿದು ಹೋದ ಮೇಲೆ ಹುಟ್ಟಿದವಳು ಮೋನಿಷಾ. ಹೊಟ್ಟೆಯಲ್ಲಿದ್ದಾಗಲೇ ಅಮ್ಮ ಮನೆದೇವರು ಮುನೇಶ್ವರನಿಗೆ ಹರಕೆ ಕಟ್ಟಿದ್ದಳು: ಮಗು ಉಳಿದರೆ ಮೂರು ವರ್ಷ ತುಂಬುವವರೆಗೆ ತಲೆಗೆ ಕತ್ತರಿ ಸೋಕಿಸುವುದಿಲ್ಲ, ಆಮೇಲೆ ಮುಡಿ ನಿನಗೆ ಅಂತ. ಮುಡಿ ತೆಗೆಯಬೇಕಾದರೆ ಮಗುವನ್ನು ಸೋದರಮಾವನ ಮಡಿಲಲ್ಲಿ ಕೂರಿಸಬೇಕು. ಇದು ನಮ್ಮಲ್ಲಿ ಮೀರುವ ಮಾತೇ ಅಲ್ಲ. ಮಾವನ ಮಡಿಲಿಲ್ಲದೆ ಮುಡಿಯಿಲ್ಲ, ಮುಡಿಯಾಗದೆ ಕತ್ತರಿಯಿಲ್ಲ.

ಮೋನಿಯ ಮಾವ ಮುನೀಂದ್ರ, ಚಂದ್ರಳ ತಮ್ಮ. ಎರಡು ವರ್ಷದ ಹಿಂದೆ ದಿನ ಗೊತ್ತಾಗಿತ್ತು, ಕುರಿ ತಂದಿದ್ದೆವು, ನೆಂಟರು ಬಂದಿದ್ದರು. ಹಿಂದಿನ ದಿನ ಸಂಜೆ ಅಡುಗೆ ಒಲೆಯ ಹತ್ತಿರ ಅವನಿಗೂ ನನಗೂ ಮಾತು ಬೆಳೆಯಿತು. ಯಾವ ವಿಷಯಕ್ಕೆ ಎಂದು ಕೇಳಿದವರಿಗೆಲ್ಲ 'ಅವ್ನು ಕುಡ್ದಿದ್ದ, ಮರ್ಯಾದೆ ಕೊಡ್ಲಿಲ್ಲ' ಎಂದು ಹೇಳಿಕೊಂಡು ಬಂದೆ. ಸುಳ್ಳು. ಅವನು ಹನಿಯೂ ಕುಡಿದಿರಲಿಲ್ಲ. "ಬಾವ, ನಮ್ಮಕ್ಕನ್ ತೋಳ್ಮೇಲೆ ಕಪ್ಪಗಾಗೈತಲ್ಲ, ಏನದು?" ಎಂದು ಕೇಳಿದ. ಅಷ್ಟೇ ಕೇಳಿದ್ದು. ನಾನು ಒಲೆಯ ಸೌದೆ ಎಳೆದು ಬಾಯಿಗೆ ಬಿಟ್ಟೆ. ಮುಂದಿನ ಹಲ್ಲು ಎರಡು ಮುರಿದವು. ಕುರಿ ಅಲ್ಲೇ ಉಳಿಯಿತು, ನೆಂಟರು ಉಣ್ಣದೆ ಎದ್ದು ಹೋದರು.

ಅಲ್ಲಿಂದ ಮುನೀಂದ್ರನ ಹೆಸರು ನಮ್ಮ ಮನೆಯಲ್ಲಿ ಸತ್ತುಹೋಯಿತು. ಯಾರಾದರೂ ಮುಡಿಯ ಸುದ್ದಿ ಎತ್ತಿದರೆ ಅವನ ಹೆಸರು ಬರಬೇಕಲ್ಲ, ಬಂದರೆ ನನ್ನ ಮುಂದಿನ ತಟ್ಟೆ ಗೋಡೆಗೆ ಹಾರುತ್ತಿತ್ತು. ಅದಕ್ಕೇ ಯಾರೂ ಎತ್ತಲಿಲ್ಲ. ಮೋನಿಗೆ ಮೂರು ಹೋಗಿ ಐದಾಯಿತು. ಕೂದಲು ಸೊಂಟ ಮುಟ್ಟಿತು. ದಟ್ಟ ಕೂದಲು, ಬೆವರು, ಗಂಟು. ಆ ಕೂಸು ಮಲಗಿದಲ್ಲೂ ತಲೆ ಕೆರೆದುಕೊಳ್ಳುತ್ತಿತ್ತು. ನಾನು ನೋಡಿದ್ದೆ, ಸೆಕೆಗೆ ಎಂದುಕೊಂಡಿದ್ದೆ.

ಅವತ್ತು ಬುಧವಾರ, ನನ್ನದು ಮೊದಲ ಶಿಫ್ಟ್. ಒಳಗೆ ಫೋನ್ ಬಿಡುವುದಿಲ್ಲ, ಲಾಕರಿನಲ್ಲಿಡಬೇಕು. ಹನ್ನೊಂದೂ ಐವತ್ತಕ್ಕೆ ಸೂಪರ್‌ವೈಸರ್ ಬಂದು ಮೆಷಿನ್ ನಿಲ್ಲಿಸಿದ. "ಕುಮಾರೇಶ್, ಆಫೀಸ್‌ಗೆ ಫೋನ್ ಬಂದಿತ್ತು. ನಿಮ್ಮ ಮಗೀಗೆ ಹುಷಾರಿಲ್ವಂತೆ. ಈಗಿಂದೀಗ್ಲೇ ಹೊರಡು" ಎಂದ. ಬೂಟನ್ನೂ ಬದಲಿಸದೆ ಬೈಕ್ ಹತ್ತಿದೆ. ಎರಡು ಸಿಗ್ನಲ್ ಹಾರಿಸಿದೆ. ಅಡ್ಡ ಬಂದ ಆಟೋದವನ ತಾಯಿಯನ್ನೆಲ್ಲ ಬೈದುಕೊಂಡು ಮನೆ ಮುಟ್ಟಿದೆ.

ಮೋನಿ ನಡುಮನೆಯ ಚಾಪೆಯ ಮೇಲಿದ್ದಳು. ಬಾಯಿಯಿಂದ ಜೊಲ್ಲು ನೊರೆನೊರೆಯಾಗಿ ಕತ್ತಿಗೆ ಇಳಿಯುತ್ತಿತ್ತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮೈಯೆಲ್ಲ ಬೆವರಿ ಲಂಗ ಒದ್ದೆಯಾಗಿತ್ತು. ಬಟ್ಟೆಯಲ್ಲೇ ಎಲ್ಲ ಆಗಿಹೋಗಿತ್ತು. ತೋಳಿನ ಮಾಂಸ ಚರ್ಮದೊಳಗೆ ತಾನೇ ತಾನಾಗಿ ಪಟಪಟ ಅದುರುತ್ತಿತ್ತು. "ಮೋನಿ" ಎಂದೆ. ಕಣ್ಣು ನನ್ನ ಕಡೆ ತಿರುಗಿತು. ಕಣ್ಣಪಾಪೆ ಸಾಸಿವೆಗಿಂತ ಸಣ್ಣಗಾಗಿತ್ತು.

ಅಮ್ಮ ಅವತ್ತು ತೋಟಕ್ಕೆ ಹೋಗಿರಲಿಲ್ಲ. ಮೂಲೆಯಲ್ಲಿ ನಿಂತು ಉಪ್ಪು ಮೆಣಸಿನಕಾಯಿ ನಿವಾಳಿಸಿ, "ಯಾರ್ ಕಣ್ಣು ಬಿತ್ತೋ ಸಿವನೇ" ಎಂದು ಗೊಣಗುತ್ತಿದ್ದಳು. ಚಂದ್ರ ನೆಲದ ಮೇಲೆ ಕೂತು ಮಗುವಿನ ಬಾಯಿ ಒರೆಸುತ್ತಿದ್ದಳು.

"ಏನಾಯ್ತೇ? ಏನ್ ತಿನ್ಸಿದ್ಯೇ ನನ್ ಮಗೀಗೆ?" ಎಂದವನೇ ಕೆನ್ನೆಗೆ ಬಾರಿಸಿದೆ. ಅವಳ ತಲೆ ಗೋಡೆಗೆ ಬಡಿಯಿತು. ಮಗುವನ್ನು ಎತ್ತಿಕೊಳ್ಳುವುದಕ್ಕೆ ಮುಂಚೆ ಹೆಂಡತಿಗೆ ಹೊಡೆದೆ, ನೋಡಿ. ನನ್ನ ಕೈಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತೇ ಇರಲಿಲ್ಲ.

"ಕ್ಲಿನಿಕ್‌ಗೆ ಕರ್ಕೊಂಡ್ ಹೋಗಿದ್ವಿ" ಎಂದಳು ಚಂದ್ರ, ಕೆನ್ನೆಯ ಮೇಲೆ ಕೈಯಿಟ್ಟು. "ಡಾಕ್ಟ್ರು ಸೂಜಿ ಹಾಕಿದ್ರು. ತಿಂದಿದ್ದು ಆಗಿಲ್ಲ, ಫುಡ್ ಪಾಯ್ಸನ್ನು, ಸರಿಹೋಯ್ತದೆ ಅಂದ್ರು. ಮನೆಗ್ ಬಂದ್ಮೇಲೆ ಜಾಸ್ತಿ ಆಯ್ತು."

"ಏನ್ ತಿಂದ್ಲು?"

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡಿದಳು. "ನೆನ್ನೆ... ಸಾಯಂಕಾಲ... ಬೀರೇಶನ್ ಗಾಡೀಲಿ ಬಜ್ಜಿ ತಿಂದಿದ್ಲು" ಎಂದಳು ಚಂದ್ರ.

ಅಷ್ಟು ಸಾಕಾಯಿತು ನನಗೆ. ಕೋಪಕ್ಕೆ ಒಂದು ಹೆಸರು ಸಿಕ್ಕಿಬಿಟ್ಟಿತು. ಮಗುವನ್ನು ಬಾಚಿ ಎತ್ತಿದೆ. ಒದ್ದೆ ತಲೆ ನನ್ನ ಭುಜದ ಮೇಲೆ ಬಿತ್ತು. ಸೀಗೆಪುಡಿಯ ವಾಸನೆ, ಅದರಡಿಯಲ್ಲಿ ಅಮ್ಮನ ಸೀರೆಯ ವಾಸನೆ. ಮೂಗಿಗೆ ಬಂತು, ನಿಜ. ಅಜ್ಜಿ ಎತ್ತಿಕೊಂಡಿದ್ದಾಳೆ, ಅದಕ್ಕೆ ಎಂದುಕೊಂಡೆ. ಬೇರೆ ಯಾವ ಊರಿನ ಅಪ್ಪನಾಗಿದ್ದರೂ ಆ ಕ್ಷಣಕ್ಕೆ ಬೆಚ್ಚಿಬೀಳುತ್ತಿದ್ದ.

ಪಕ್ಕದ ಮನೆಯ ಪ್ರಮೋದ್ ಶಾಲೆ ಮಕ್ಕಳನ್ನು ಬಿಡುವ ಓಮ್ನಿ ಇಟ್ಟುಕೊಂಡಿದ್ದಾನೆ. ಅವನು ಗಾಡಿ ತೆಗೆದ. ನಾನು ಮುಂದೆ, ಹಿಂದೆ ಚಂದ್ರಳ ತೊಡೆಯ ಮೇಲೆ ಮೋನಿ, ಅಮ್ಮ. ಶಾಲೆಯ ತಿರುವಿನಲ್ಲಿ ಬೀರೇಶನ ಗಾಡಿ ಕಂಡಿತು. ಬಾಣಲೆಯಲ್ಲಿ ಹೊಗೆ ಏಳುತ್ತಿತ್ತು. ಅವನು ಯಾರೊಂದಿಗೋ ನಗುತ್ತಾ ಮಾತಾಡುತ್ತಿದ್ದ. ಆ ನಗು ನೋಡಿದ್ದೇ ತಡ.

"ನಿಲ್ಸೋ!"

"ಅಣ್ಣ, ಬ್ಯಾಡ ಕಣಣ್ಣ, ಮೊದ್ಲು ಆಸ್ಪತ್ರೆ..." ಎಂದ ಪ್ರಮೋದ್.

ನಾನು ಸ್ಟೇರಿಂಗಿಗೇ ಕೈ ಹಾಕಿದೆ. ಅವನು ಬ್ರೇಕ್ ಒತ್ತಿದ. ಇಳಿದು ಹೋಗಿ ಬೀರೇಶನ ಅಂಗಿ ಹಿಡಿದು ಎಳೆದೆ. "ಏನ್ ಹಾಕ್ದೆ ಲಾ ನನ್ ಮಗೀಗೆ? ಯಾವ್ ಕೊಳೆತ ಎಣ್ಣೇಲಿ ಕರ್ದೆ ಲಾ?" ಮೂಗಿಗೆ ಒಂದು ಗುದ್ದು ಕೊಟ್ಟೆ, ರಕ್ತ ಬಂತು. "ಏ, ಯಾವ್ ಮಗು? ಏನಣ್ಣ?" ಎನ್ನುತ್ತಾ ಅವನು ಹಿಂದೆ ಸರಿದ. ಗಾಡಿಯ ಒಂದು ಕಡೆ ಹಿಡಿದು ಎತ್ತಿಹಾಕಿದೆ. ಗಾಜು, ಮೆಣಸಿನಕಾಯಿ, ಕಡಲೆಹಿಟ್ಟು, ಎಣ್ಣೆ. ಅವನ ಕಾಲು ಸುಟ್ಟಿತು. ಬಿದ್ದವನನ್ನು ಮತ್ತೆ ಒದೆಯಲು ಹೋದೆ, ನಾಲ್ಕು ಜನ ಹಿಡಿದುಕೊಂಡರು. ಅವರೊಡನೆಯೂ ಗುದ್ದಾಡಿದೆ.

ಓಮ್ನಿಯಿಂದ ಚಂದ್ರ ಕಿರುಚುತ್ತಿದ್ದಳು. ಬೈಗುಳವೆಂದುಕೊಂಡೆ. ಅಲ್ಲ. "ಉಸ್ರು ಬತ್ತಿಲ್ಲ ಕಣ್ರೀ! ಉಸ್ರು ಬತ್ತಿಲ್ಲ!"

ಓಡಿ ಹೋಗಿ ಹತ್ತಿದೆ. ಮೋನಿಯ ತುಟಿ ನೇರಳೆಹಣ್ಣು ತಿಂದವರಂತೆ ಕಪ್ಪಾಗಿತ್ತು. ಅಮ್ಮ ಬೆರಳು ಹಾಕಿ ಬಾಯಿಯ ನೊರೆ ತೆಗೆದಳು, ಬೆನ್ನಿಗೆ ಬಡಿದಳು. ಗೊರಗೊರ ಎಂದು ಒಂದು ಉಸಿರು ಎಳೆಯಿತು ಕೂಸು. ಪ್ರಮೋದ್ ಹಾರನ್ ಮೇಲಿನ ಕೈ ತೆಗೆಯದೆ ಓಡಿಸಿದ. ಅವನು ನನ್ನ ಮುಖ ನೋಡಲೇ ಇಲ್ಲ.

ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ನನಗಿಂತ ಚಿಕ್ಕವರು, ಕಡ್ಡಿಯ ಹಾಗಿದ್ದರು. ಮೋನಿಯ ರೆಪ್ಪೆ ಬಿಡಿಸಿ ಟಾರ್ಚ್ ಹಾಕಿದರು, ಬಾಯಿಯ ಹತ್ತಿರ ಮೂಗು ತಂದರು. "ಪೂಚಿ ಮರುಂದು ಏದಾವದು ಕುಡಿಚ್ಚಾಳಾ?" ಎಂದರು. ತಮಿಳು ಬಿಟ್ಟು ಕನ್ನಡಕ್ಕೆ ಬಂದರು. "ಗಿಡಕ್ಕೆ ಹೊಡೆಯೋ ಮದ್ದು ಏನಾದ್ರೂ ಕುಡಿದಿದ್ದಾಳಾ? ಮನೇಲಿ ಇಟ್ಟಿದ್ರಾ?"

"ಮದ್ದಾ? ಯಾಕೆ ಕುಡೀತಾಳೆ? ಬಜ್ಜಿ ತಿಂದವ್ಳೆ!" ಎಂದೆ.

"ಬಜ್ಜಿಗೆ ಕಣ್ಣು ಹೀಗಾಗಲ್ಲ. ಇದು ವಿಷ" ಎಂದರು.

ಸೂಜಿಯ ಮೇಲೆ ಸೂಜಿ ಹಾಕಿದರು. ಗಂಟಲಿಗೆ ಕೊಳವೆ ಹಾಕಿ ನೊರೆ ಎಳೆದರು. ಮೂಗಿನಿಂದ ಹೊಟ್ಟೆಗೆ ಇನ್ನೊಂದು ಕೊಳವೆ. ನನ್ನ ಮಗಳ ಚಪ್ಪಟೆ ಎದೆ ಕೋಳಿಮರಿಯ ಎದೆಯಂತೆ ಬಡಿದುಕೊಳ್ಳುತ್ತಿತ್ತು. ಹೊಟ್ಟೆಯಿಂದ ಬಂದದ್ದು ಒಂದು ಲೋಟದಷ್ಟು ತೆಳು ನೀರು. ಡಾಕ್ಟರಮ್ಮ ಅದನ್ನು ಮೂಸಿ ನೋಡಿ, ಇದರಲ್ಲಿಲ್ಲ ಎಂಬಂತೆ ತಲೆಯಾಡಿಸಿದರು. ಹತ್ತು ನಿಮಿಷಕ್ಕೆ ಒಂಚೂರು ಸುಧಾರಿಸಿದಂತೆ ಕಂಡಳು, ಮತ್ತೆ ಹತ್ತು ನಿಮಿಷಕ್ಕೆ ಮೊದಲಿಗಿಂತ ಕೆಟ್ಟದಾಯಿತು. ಕೈಕಾಲು ಸೆಟೆದು ಮಂಚ ಬಡಿಯತೊಡಗಿದಳು. ನಾಲ್ಕು ಜನ ಹಿಡಿದರು.

"ಔಷಧಿ ಕೊಟ್ಟಷ್ಟೂ ವಿಷ ಮತ್ತೆ ಏರ್ತಾ ಇದೆ. ಹೊಟ್ಟೇಲಿ ಇಲ್ಲ, ಆದ್ರೂ ಎಲ್ಲಿಂದಲೋ ಒಳಗೆ ಹೋಗ್ತಾನೇ ಇದೆ" ಎಂದು ಡಾಕ್ಟರಮ್ಮ ನಮ್ಮ ಕಡೆ ತಿರುಗಿದರು. "ಅಮ್ಮಾ, ನೀವು ಹೇಳಿ. ಬೆಳಿಗ್ಗೆಯಿಂದ ಏನ್ ಮಾಡಿದ್ರಿ ಮಗೂಗೆ? ಹೇಳದಿದ್ರೆ ನನ್ನ ಕೈಯಲ್ಲಿ ಉಳಿಯಲ್ಲ."

ಚಂದ್ರ ಬಾಯಿ ತೆರೆದಳು. ನನ್ನ ಕಡೆ ನೋಡಿದಳು. ಬಾಯಿ ಮುಚ್ಚಿದಳು. ಅಮ್ಮ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಡುಗುತ್ತಿದ್ದಳು. ಆ ನಡುಕವನ್ನು ನಾನು ಮೊಮ್ಮಗಳ ಮೇಲಿನ ಮರುಕ ಎಂದುಕೊಂಡೆ.

"ಅವ್ರನ್ನೇನ್ ಕೇಳ್ತೀರಾ? ಅವ್ರೇ ಇಸ ಇಕ್ಕಿದ್ರು ಅಂತೀರಾ?" ಎಂದು ನಾನು ಕೂಗಿದೆ. ಗಂಡು ನರ್ಸ್ ಒಬ್ಬ "ಸಾರ್, ಸ್ವಲ್ಪ ಮೆಲ್ಲಗೆ" ಎಂದು ನನ್ನ ತೋಳು ಮುಟ್ಟಿದ. ಮುಟ್ಟಿದ್ದೇ ಸಾಕಾಯಿತು. ಅವನ ಕುತ್ತಿಗೆ ಹಿಡಿದು ಔಷಧಿಯ ಬೀರುವಿಗೆ ಒತ್ತಿದೆ. ಗಾಜು ಒಡೆಯಿತು. "ನನ್ ಮಗು ಉಳೀಲಿಲ್ಲ ಅಂದ್ರೆ ಒಬ್ಬೊಬ್ರನ್ನೂ ಬಿಡಲ್ಲ!" ಎಂದು ಅರಚಿದೆ. ಟ್ರೇ ಹಾರಿತು, ಸೂಜಿಗಳು ಚೆಲ್ಲಿದವು. ಮಗಳಿಗೆ ಹಾಕಬೇಕಾಗಿದ್ದ ಮದ್ದಿನ ಪುಟ್ಟ ಬಾಟಲಿಗಳು ನನ್ನ ಬೂಟಿನ ಕೆಳಗೆ ಚಟಚಟ ಎಂದವು.

ಇಬ್ಬರು ಕಾವಲಿನವರು ಬಂದು ಲಾಠಿಯಲ್ಲಿ ಬೆನ್ನಿಗೆ, ಮೊಣಕಾಲಿಗೆ ಬಾರಿಸಿದರು. ನಾನೂ ಹೊಡೆದೆ. ಆ ಕಡ್ಡಿಯಂಥ ಡಾಕ್ಟರಮ್ಮ ಮಗುವಿನ ಮೇಲೆ ಬಗ್ಗಿದ್ದವರು ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಚಂದ್ರಳ ಕೆನ್ನೆ ನೋಡಿದರು. ನನ್ನ ನಾಲ್ಕು ಬೆರಳೂ ಅಲ್ಲಿ ಮೂಡಿದ್ದವು. "ಇವರನ್ನ ಹೊರಗೆ ಹಾಕಿ, ಬಾಗಿಲು ಹಾಕಿ" ಎಂದರು.

ನನ್ನನ್ನು ಎಳೆದು ಹೊರಗೆ ನೂಕಿದರು. ಬಾಗಿಲಲ್ಲಿ ತಟ್ಟೆಯಗಲ ಒಂದು ಗಾಜಿತ್ತು. ಅದಕ್ಕೆ ಮುಖ ಒತ್ತಿ ನೋಡಿದೆ. ಬಾಗಿಲು ಹಾಕಿ ಅರ್ಧ ನಿಮಿಷವೂ ಆಗಿರಲಿಲ್ಲ. ನನ್ನ ತಾಯಿ ಡಾಕ್ಟರಮ್ಮನ ಕಾಲ ಮೇಲೆ ಬಿದ್ದಳು. ಚಂದ್ರ ಮಾತಾಡುತ್ತಿದ್ದಳು, ನಿಲ್ಲಿಸದೆ ಮಾತಾಡುತ್ತಿದ್ದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ವರ್ಷಗಳಿಂದ ನೋಡಿರಲಿಲ್ಲ. ಅಮ್ಮ ಎದ್ದು ಎರಡು ಕೈಯನ್ನೂ ತನ್ನ ತಲೆಯ ಮೇಲಿಟ್ಟು ತಿಕ್ಕಿ ತೋರಿಸಿದಳು. ಡಾಕ್ಟರಮ್ಮ ಮೋನಿಯ ಕೂದಲು ಬಿಡಿಸಿ ಮೂಸಿದರು, ಬೆಂಕಿ ತಾಗಿದವರಂತೆ ತಲೆ ಹಿಂದೆ ತೆಗೆದರು.

ಆಮೇಲೆ ಎಲ್ಲ ಗೊತ್ತಾಯಿತು. ಸೋಮವಾರ ಶಾಲೆಯ ಮಿಸ್ ಡೈರಿಯಲ್ಲಿ ಬರೆದು ಕಳಿಸಿದ್ದಳು: ಮಗುವಿನ ತಲೆ ತುಂಬ ಹೇನು, ಕೂದಲು ಕತ್ತರಿಸಿ ಇಲ್ಲವೇ ಕ್ಲೀನ್ ಮಾಡಿ ಕಳಿಸಿ, ಅಲ್ಲಿಯವರೆಗೆ ಕಳಿಸಬೇಡಿ. ಎರಡು ದಿನ ಸೀರಣಿಗೆ ಹಾಕಿ ಎಳೆದರು. ಸೊಂಟದುದ್ದದ ಗಂಟುಗೂದಲಲ್ಲಿ ಸೀರು ಬರಲಿಲ್ಲ, ನೆತ್ತಿ ಗಾಯವಾಯಿತು. ಕತ್ತರಿಸುವ ಹಾಗಿಲ್ಲ, ದೇವರ ಕೂದಲು. ದೇವರಿಗೆ ಕೊಡೋಣವೆಂದರೆ ಮಾವ ಬೇಕು. ಮಾವ ಬೇಕೆಂದರೆ ನನಗೆ ಹೇಳಬೇಕು. ಶಾಲೆ ಬಿಡಿಸಿದ್ದು ನನಗೆ ಗೊತ್ತಾದರೆ ಅದಕ್ಕೂ ಹೊಡೆಯುತ್ತೇನೆ. ಗುಲಾಬಿ ತೋಟದ ಹೆಂಗಸರು ಅಮ್ಮನಿಗೆ ದಾರಿ ಹೇಳಿಕೊಟ್ಟರು: ಗಿಡದ ಹೇನಿಗೆ ಹೊಡೆಯುವ ಮದ್ದು ಒಂದು ಮುಚ್ಚಳ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚು, ಒಂದೇ ಸಲಕ್ಕೆ ಹೋಗುತ್ತದೆ ಅಂತ. ಅಮ್ಮ ಮಂಗಳವಾರ ಮಾತ್ರೆ ಬಾಟಲಿಯೊಂದರಲ್ಲಿ ತಂದಳು. ಬುಧವಾರ ನಾನು ಶಿಫ್ಟಿಗೆ ಹೋದ ಮೇಲೆ ಗಾಯವಾದ ನೆತ್ತಿಗೆ ತಿಕ್ಕಿ, ಟವೆಲ್ ಬಿಗಿದು, ಒಂದೂವರೆ ಗಂಟೆ ಕೂರಿಸಿ, ಬಿಸಿನೀರು ಹುಯ್ದಿದ್ದರು. ಹೇನು ಸತ್ತು ಬಿದ್ದವಂತೆ, ರಾಶಿ ರಾಶಿ. ಮೋನಿ ಅದನ್ನು ನೋಡಿ ಚಪ್ಪಾಳೆ ತಟ್ಟಿದಳಂತೆ.

ಒಳಗೆ ಅವರ ಮಾತು ಮುಗಿಯುತ್ತಿದ್ದಂತೆ ಬಾಗಿಲು ತೆರೆದು ಡಾಕ್ಟರಮ್ಮ ಅರ್ಧ ಹೊರಗೆ ಬಂದರು. "ಗಿಡದ ಮದ್ದನ್ನ ಎಣ್ಣೆಯಲ್ಲಿ ಕಲಸಿ ತಲೆಗೆ ಹಚ್ಚಿದ್ದಾರೆ, ಕೂದಲಲ್ಲಿ ನಿಂತುಬಿಟ್ಟಿದೆ. ಈಗಲೇ ಪೂರಾ ತೆಗೀಬೇಕು" ಎಂದು ಒಳಗೆ ಹೋದರು. ಅವರ ಹಿಂದೆ ಅಮ್ಮ ನಿಂತಿದ್ದಳು.

"ನೀನಾ? ನೀನೇನಾ ನನ್ ಮಗೀನ್ ಕೊಂದಿದ್ದು?" ಎಂದು ಅಮ್ಮನ ಮೇಲೆ ಹೋದೆ. ಹೆತ್ತವಳ ಮೇಲೆ. ಅವಳು ಓಡಲಿಲ್ಲ, ಕೈ ಅಡ್ಡ ತರಲಿಲ್ಲ. ಕಣ್ಣು ಮುಚ್ಚಿ ಕತ್ತು ಭುಜದೊಳಗೆ ಎಳೆದುಕೊಂಡು ನಿಂತಳು. ಎತ್ತಿದ ನನ್ನ ಕೈಯನ್ನು ಹಿಂದಿನಿಂದ ಯಾರೋ ಹಿಡಿದರು. ಬಿಡಿಸಿಕೊಳ್ಳಲು ಆಗಲಿಲ್ಲ. ತಿರುಗಿದರೆ ಮುನೀಂದ್ರ. ತಲೆಯಲ್ಲಿ ಹೆಲ್ಮೆಟ್ ಇನ್ನೂ ಹಾಗೇ ಇತ್ತು. ಜವಳಗಿರಿಯಿಂದ ಒಂದೇ ಉಸಿರಿಗೆ ಬಂದಿದ್ದ. ಚಂದ್ರ ನನಗೆ ಫೋನ್ ಮಾಡುವ ಮೊದಲೇ ಅವನಿಗೆ ಮಾಡಿದ್ದಳು.

"ಈಗ್ಲೂನಾ ಬಾವ?" ಎಂದ. ಹಲ್ಲಿಲ್ಲದ ಸಂದಿಯಿಂದ ಮಾತು ಗಾಳಿಯ ಹಾಗೆ ಬರುತ್ತಿತ್ತು. "ಮಗು ಅಲ್ಲಿ ಸಾಯ್ತಾ ಐತೆ. ಈಗ್ಲೂನಾ?"

ಎಡಗೈಯಲ್ಲಿ ಅವನ ಮುಖಕ್ಕೆ ಗುದ್ದಿದೆ. ಹೆಲ್ಮೆಟ್ಟಿಗೆ ಬಿದ್ದು ನನ್ನ ಬೆರಳೇ ಮುರಿಯಿತು. ಅವನು ತಿರುಗಿ ಹೊಡೆಯಲಿಲ್ಲ. ನನ್ನನ್ನು ಗೋಡೆಗೆ ಒತ್ತಿಹಿಡಿದು, "ಅತ್ತೆ, ನೀನ್ ಒಳೀಕ್ ಹೋಗು" ಎಂದ.

ಒಳಗಿಂದ ನರ್ಸ್ ಕೂಗಿದಳು. "ಡಾಕ್ಟರ್ ಕರೀತಿದ್ದಾರೆ. ಮಗು ಒದ್ದಾಡ್ತಿದೆ, ತಲೆ ಅಲುಗಿದ್ರೆ ಬ್ಲೇಡ್ ತಾಗುತ್ತೆ. ಗಟ್ಟಿಯಾಗಿ ಹಿಡಿಯೋರು ಒಬ್ರು ಬನ್ನಿ. ಅಪ್ಪ ಬೇಡ. ಬೇರೆ ಯಾರಾದ್ರೂ."

'ಅಪ್ಪ ಬೇಡ' ಎಂದು ಅವಳು ಹೇಳಿದ್ದು ಆ ಉದ್ದ ಮೊಗಸಾಲೆಯಲ್ಲಿ ಕೂತಿದ್ದವರಿಗೆಲ್ಲ ಕೇಳಿಸಿತು.

ಮುನೀಂದ್ರ ನನ್ನನ್ನು ಬಿಟ್ಟು ಹೆಲ್ಮೆಟ್ ತೆಗೆದು ಕೆಳಗಿಟ್ಟ. ನಾನು ಮತ್ತೆ ಆ ಗಾಜಿಗೆ ಮುಖ ಒತ್ತಿದೆ. ಅವನಿಗೆ ಕೈಗವಸು ತೊಡಿಸಿ, ಪ್ಲಾಸ್ಟಿಕ್ ಅಂಗಿ ಕಟ್ಟಿದರು. ಅವನು ಮಂಚದ ತಲೆಕಡೆ ಚಕ್ಕಳಮಕ್ಕಳ ಹಾಕಿ ಕೂತ. ಮೋನಿಯ ತಲೆಯನ್ನು ಎತ್ತಿ ಅವನ ಮಡಿಲಲ್ಲಿ ಇಟ್ಟರು. ಬಾಯಲ್ಲಿ ಕೊಳವೆ, ಕೈಯಲ್ಲಿ ಸೂಜಿ, ಮೈಯೆಲ್ಲ ಅದುರು. ಅವನು ಎರಡು ಅಂಗೈಗಳ ನಡುವೆ ಆ ತಲೆ ಹಿಡಿದ. ನರ್ಸ್ ಕತ್ತರಿ ಆಡಿಸಿದಳು, ಆಮೇಲೆ ಬ್ಲೇಡ್. ಐದು ವರ್ಷದ ಕೂದಲು ಒದ್ದೆ ಒದ್ದೆಯಾಗಿ ಹಳದಿ ಚೀಲಕ್ಕೆ ಬಿತ್ತು. ಒಂದು ಕಡೆ ಬ್ಲೇಡ್ ತಾಗಿ ರಕ್ತ ಇಳಿಯಿತು. ಬೋಳು ತಲೆಗೆ ಸೋಪು ಹಾಕಿ ತೊಳೆದರು, ಮತ್ತೆ ತೊಳೆದರು. ಮುನೀಂದ್ರನ ತುಟಿ ಏನೋ ಹೇಳುತ್ತಿತ್ತು. ದೇವರಿಗೋ, ಮಗುವಿಗೋ, ನನಗೆ ಕೇಳಿಸಲಿಲ್ಲ.

ಮುಡಿ ತೆಗೆಯುವಾಗ ನಮ್ಮಲ್ಲಿ ತಂದೆ ಎದುರಿಗೆ ಕೂತು ಸೆರಗಿನಲ್ಲಿ ಕೂದಲು ಹಿಡಿಯುವ ಹೆಂಡತಿಗೆ ನೀರು ಕೊಡಬೇಕು. ನಾನು ಗಾಜಿನ ಈಚೆ ನಿಂತು ಬಾಗಿಲಿಗೆ ಹಣೆ ಚಚ್ಚಿಕೊಂಡೆ. ಕಾವಲಿನವನು ಲಾಠಿಯಲ್ಲಿ ಮೆಲ್ಲಗೆ ಭುಜ ತಟ್ಟಿ, "ಸಾಕು ಬಾರಯ್ಯ" ಎಂದ.

ಮೋನಿಯ ಉಸಿರು ನಾಲ್ಕು ದಿನ ಮೆಷಿನ್‌ನಲ್ಲಿತ್ತು. ನನ್ನನ್ನು ಒಳಗೆ ಬಿಡಲಿಲ್ಲ. ಮೆಟ್ಟಿಲ ಕೆಳಗೆ ಕೂತಿದ್ದೆ. ಎರಡನೇ ದಿನ ಒಬ್ಬ ಪೊಲೀಸಿನವನು ವಿಚಾರಣೆಗೆಂದು ಬೀರೇಶನನ್ನು ಕರೆದುಕೊಂಡು ಬಂದ. ಕಾಲಿಗೆ ಮೊಣಕಾಲವರೆಗೆ ಬಿಳಿ ಬಟ್ಟೆ ಸುತ್ತಿತ್ತು, ಮೂಗು ಊದಿತ್ತು. ನಾನು ಎದ್ದು ನಿಂತೆ. ಹೊಡೆಯಲಿ ಎಂದುಕೊಂಡೆ. ದೇವರಾಣೆ, ಹೊಡೆಯಲಿ ಎಂದು ಬೇಡಿಕೊಂಡೆ.

"ಮಗೀಗೆ ಹೆಂಗೈತೆ?" ಎಂದ.

"ಗೊತ್ತಿಲ್ಲ. ಒಳೀಕ್ ಬಿಡ್ತಿಲ್ಲ."

"ಮೊದ್ಲು ಅದು ಉಳ್ಕಳ್ಲಿ" ಎಂದ ಬೀರೇಶ್. "ಆಮೇಲೆ ನಿನ್ನ ಬಿಡಲ್ಲ ಕಣ್ಲಾ. ಕೋರ್ಟ್ ಮೆಟ್ಲು ಹತ್ತುಸ್ತೀನಿ." ಕುಂಟುತ್ತಾ ಹೋದ. ಅವನು ಹೇಳಿದ್ದು ನ್ಯಾಯವೇ.

ಅವತ್ತು ಸಂಜೆ ಚಂದ್ರ ಕೆಳಗೆ ಬಂದಳು. ನನ್ನಿಂದ ಮೂರು ಮೆಟ್ಟಿಲು ಮೇಲೆ ಕೂತಳು. ನೋಡಿದೆ, ಸರಿಯಾಗಿ ನನ್ನ ಕೈಗೆ ಎಟುಕದ ದೂರ. ಅಮ್ಮನೂ ಮನೆಯಲ್ಲಿ ಹಾಗೇ ಕೂರುತ್ತಿದ್ದಳು, ಮೋನಿಯೂ. ನನ್ನ ಕೈಯ ಉದ್ದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಒಂದ್ ಮಾತು ಹೇಳ್ಬಾರ್ದಾಗಿತ್ತಾ ಚಂದ್ರ? ಡಾಕ್ಟ್ರು ಅಷ್ಟು ಕೇಳುದ್ರಲ್ಲ?" ಎಂದೆ. ಎಷ್ಟೋ ವರ್ಷದ ಮೇಲೆ ಮೆಲ್ಲಗೆ ಮಾತಾಡಿದೆ.

"ಹೇಳಿದ್ರೆ ಅಲ್ಲೇ ಸಾಯ್ಸ್ಬುಡ್ತಿದ್ರಿ ಅತ್ತೇನ" ಎಂದಳು. ಅಳಲಿಲ್ಲ. "ಬಜ್ಜಿನೇ ಇರ್ಲಿ ದೇವ್ರೇ, ಬಜ್ಜಿನೇ ಇರ್ಲಿ ಅಂತ ದಾರಿಯುದ್ದಕ್ಕೂ ಬೇಡ್ಕತಿದ್ದೆ. ನನ್ ಮಗು ಸಾಯ್ತಿರೋವಾಗ್ಲೂ ನಂಗೆ ನಿಮ್ ಭಯಾನೇ ದೊಡ್ಡದಾಯ್ತು. ನಾನೂ ಒಬ್ಳು ತಾಯೇನಾ?"

ನಾನು ಮುರಿದ ಬೆರಳು ನೋಡಿಕೊಂಡು ಕೂತೆ.

ಐದನೇ ದಿನ ಬೆಳಿಗ್ಗೆ ಹತ್ತಕ್ಕೆ ಕೊಳವೆ ತೆಗೆದರು. ಡಾಕ್ಟರಮ್ಮ ನನ್ನನ್ನೂ ಕರೆಸಿದರು. "ಐದು ನಿಮಿಷ. ದನಿ ಏರಿಸಿದ್ರೆ ಹೊರಗೆ" ಎಂದರು. ಹೂಂ ಎಂದೆ. ಬೂಟು ಬಿಚ್ಚಿ ಬರಿಗಾಲಲ್ಲಿ ಹೋದೆ.

ಬಿಳಿ ಹಾಸಿನ ಮೇಲೆ ಬೋಳು ತಲೆಯ ಒಂದು ಸಣ್ಣ ಜೀವ. ನೆತ್ತಿಯ ಮೇಲೆ ಬ್ಲೇಡ್ ತಾಗಿದ ಗೆರೆ ಒಣಗಿತ್ತು. ಆ ತಲೆ ಇಷ್ಟು ಚಿಕ್ಕದೆಂದು ನನಗೆ ಗೊತ್ತೇ ಇರಲಿಲ್ಲ. ಒಂದು ಕಡೆ ಚಂದ್ರ, ಅವಳ ಹಿಂದೆ ಮುನೀಂದ್ರ. ಕಾಲ ಕಡೆ ಅಮ್ಮ. ನಾನು ಇನ್ನೊಂದು ಪಕ್ಕದಲ್ಲಿ ನಿಂತೆ. ಮೋನಿ ಕಣ್ಣು ಬಿಟ್ಟಳು. ಕಣ್ಣಪಾಪೆ ದೊಡ್ಡದಾಗಿ, ಕಪ್ಪಗೆ, ತುಂಬಿಕೊಂಡಿತ್ತು. ಉಳಿದಳಲ್ಲ, ನನ್ನವ್ವ ಉಳಿದಳಲ್ಲ ಎಂದು ಬಾಯಿಗೆ ಬಂದ ಅಳುವನ್ನು ನುಂಗಿಕೊಂಡೆ.

ನನ್ನ ಕಡೆ ಒಮ್ಮೆ ನೋಡಿದಳು, ಬೇಗ ಕಣ್ಣು ತೆಗೆದಳು. ಅಜ್ಜಿಯನ್ನು ಹುಡುಕಿದಳು. ಗಂಟಲು ಹರಿದುಹೋಗಿತ್ತು, ಮಾತು ಪಿಸುಪಿಸು ಎಂದು ಬಂತು.

"ಅಜ್ಜೀ... ನಾ ಅಪ್ಪಂಗೆ ಹೇಳ್ಲಿಲ್ಲ ಕಣಜ್ಜಿ."

ಅಮ್ಮ ಮೊಮ್ಮಗಳ ಮುಖ ನೋಡಲಿಲ್ಲ, ನನ್ನ ಕೈ ನೋಡಿದಳು.